ಅಪ್‌ಡೇಟ್: ಜ್ವರದಾಗ ಫಿಟ್ಸ್ ಬಂದಿದ್ದ ನಮ್ಮ ಕೂಸು ಈಗ ಆರಾಮ

ಹತ್ತು ತಿಂಗಳ ಮಗಳಿಗೆ ಜ್ವರ ಏರಿ ಫಿಟ್ಸ್ ಬಂತು, ಇದು ಮೂರ್ಛೆರೋಗಾನಾ ಅಂತ ಕೇಳಿದ್ದೆ. ಅಲ್ಲಂತ. ಇಲ್ಲೇ ಕಲಬುರಗಿಯ ಮಕ್ಕಳ ಡಾಕ್ಟರು ಪೂರಾ ತಪಾಸಣೆ ಮಾಡಿ, ಇದು ಜ್ವರದ ಫಿಟ್ಸ್, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಬರ್ತದ, ಇಂಥ ಸಣ್ಣ ಫಿಟ್ಸಿನಿಂದ ಮೆದುಳಿಗೆ ಏನೂ ಆಗಲ್ಲ ಅಂದ್ರು. ಜ್ವರ ವೈರಲ್.

ಕಣ್ಣು ಮೇಲಾಗಿ, ತುಟಿ ನೀಲಿಗಟ್ಟಿ, ಕೈಕಾಲು ಸೆಟೆದಾಗ ನನ್ನ ಹೆಂಡತಿ ಚೀರಿದ್ದು ಇನ್ನೂ ಕಿವಿಯಾಗ ಅದ. ಬಾಜೂ ಮನಿಯವರು ಓಡಿ ಬಂದು ಉಳ್ಳಾಗಡ್ಡಿ ಮೂಸಿಸಿದ್ರು, ಮುಷ್ಟಿಯೊಳಗ ಕೀಲಿಕೈ ಹಿಡಿಸಿದ್ರು. ಅವರ ಕಾಳಜಿ ದೊಡ್ಡದು. ಆದರ ಡಾಕ್ಟರು ಹೇಳಿದ್ದು ಬ್ಯಾರೆ: ಮಗ್ಗುಲಿಗೆ ಮಲಗಿಸ್ರಿ, ಬಾಯಾಗ ನೀರು, ಚಮಚ, ಬೆರಳು ಏನೂ ಹಾಕಬ್ಯಾಡ್ರಿ, ಗಡಿಯಾರ ನೋಡ್ರಿ. 5 ನಿಮಿಷ ದಾಟಿದರ 108ಕ್ಕ ಫೋನ್ ಮಾಡ್ರಿ. ಮೊದಲ ಸಲ ಬಂದರಂತೂ ತಡಾ ಮಾಡದೆ ತೋರಿಸಲೇಬೇಕು.

ಪ್ಯಾರಸಿಟಮಾಲ್ ತೂಕ ನೋಡಿ ಕೊಡಬೇಕಂತ. ಅದರಿಂದ ಜ್ವರ ಇಳಿತದ, ಆದರ ಫಿಟ್ಸ್ ತಡೀತದ ಅನ್ನೋ ಖಾತ್ರಿ ಇಲ್ಲ. ಮೂರು ಮಕ್ಕಳಾಗ ಒಂದಕ್ಕ ಮತ್ತ ಬರಬಹುದು ಅಂದಾಗ ಎದಿ ಧಸಕ್ಕಂತು, ಆದರೂ ಏನು ಮಾಡಬೇಕಂತ ಈಗ ಇಬ್ಬರಿಗೂ ಗೊತ್ತದ.

ಗಂಜಿ ಕುಡಿಲಿಕ್ಕತ್ತ್ಯಾಳ, ನನ್ನ ತಾಟಿನ ರೊಟ್ಟಿಗೂ ಕೈ ಹಾಕ್ತಾಳ. ಲಸಿಕೆ ತಪ್ಪಿಸಬ್ಯಾಡ್ರಿ ಅಂದಾರ, ಮುಂದಿನದು ಹಾಕಿಸ್ತೀವಿ. ಧೈರ್ಯ ಹೇಳಿದ ಎಲ್ಲರಿಗೂ ಶರಣು.