ಟಿವಿಯಲ್ಲಿ ಸಂಗೀತದ ದೃಶ್ಯ ತಡೆದು ತಡೆದು ಚಲಿಸುತ್ತಿದೆ, ಧ್ವನಿ ಮಾತ್ರ ಸರಿಯಾಗಿದೆ

ಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಬಹುಕಾಲ ಮೃದಂಗ ನುಡಿಸಿದವರು. ಈಗ ಅವರ ಕಿವಿ ಮಂದವಾಗಿದೆ. ಕಛೇರಿಯ ಧ್ವನಿಮುದ್ರಣ ಹಾಕಿದರೆ ಹಾಡುಗಾರಿಕೆ ಅಷ್ಟಿಷ್ಟು ತಿಳಿಯುತ್ತದೆ, ಆದರೆ ಮೃದಂಗದ ಘಾತಗಳು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ವಿನಾಂಪ್ ಎಂಬ ಹಾಡು ನುಡಿಸುವ ತಂತ್ರಾಂಶದ ಮೂಲಕ ಹಾಡು ಹಾಕಿ, ಅದರೊಳಗಿನ, ಧ್ವನಿಗೆ ತಕ್ಕಂತೆ ಚಿತ್ರ ಬರೆಯುವ ಮಿಲ್ಕ್‌ಡ್ರಾಪ್‌ನ ದೃಶ್ಯವನ್ನು ತೋರಿಸುತ್ತೇನೆ. ಘಾತ ಬಿದ್ದಾಗ ಪರದೆಯ ಗೆರೆ ಮೇಲೇಳುವುದನ್ನು ನೋಡಿಕೊಂಡು ಅವರು ತಾಳ ಹಾಕುತ್ತಾ ಕುಳಿತುಕೊಳ್ಳುತ್ತಾರೆ.

ಹಳೆಯ 22 ಇಂಚಿನ ಮಾನಿಟರಿನಲ್ಲಿ ತೊಂದರೆ ಇರಲಿಲ್ಲ. ಅವರ ಕಣ್ಣಿಗೆ ಅನುಕೂಲವಾಗಲೆಂದು ಹೊಸದಾಗಿ ತಂದ 43 ಇಂಚಿನ 4ಕೆ ಟಿವಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದ ಮೇಲೆ ದೃಶ್ಯ ತಡೆದು ತಡೆದು ಚಲಿಸುತ್ತಿದೆ. ಧ್ವನಿ ಎಲ್ಲಿಯೂ ಕಡಿಯುವುದಿಲ್ಲ. ಒಂದು ಪ್ರಿಸೆಟ್ (ಸಿದ್ಧ ಚಿತ್ರವಿನ್ಯಾಸ) ಹೋಗಿ ಇನ್ನೊಂದು ಬರುವಾಗ ಚಿತ್ರ ಅರೆಕ್ಷಣ ಪೂರ್ತಿ ನಿಂತುಬಿಡುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ ತೊಂದರೆ ಹೆಚ್ಚು. ಮಿಲ್ಕ್‌ಡ್ರಾಪ್‌ನಲ್ಲಿ ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ಬರೆಯುವ ಚಿತ್ರಗಳ ಗರಿಷ್ಠ ಸಂಖ್ಯೆಯನ್ನು) 45ಕ್ಕೆ ಇಟ್ಟಿದ್ದೇನೆ. ಎಫ್5 ಒತ್ತಿ ನೋಡಿದರೆ 45 ಎಂದೇ ತೋರಿಸುತ್ತದೆ.

ಕಂಪ್ಯೂಟರ್ ಸುಮಾರು ಹತ್ತು ವರ್ಷ ಹಳೆಯದು. ವಿಂಡೋಸ್ 10 ಇದೆ, 8 ಜಿಬಿಯ ಒಂದೇ ರ್‍ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾರ್ಡ್ ಕೊಳ್ಳದೆ ಇದು ಸರಿಹೋಗದು ಎಂದು ಒಂದು ಅಂಗಡಿಯಲ್ಲಿ ಹೇಳಿದರು. ಕಾರಣ ತಿಳಿಯದೆ ಹಣ ಹಾಕುವುದು ಬೇಡವೆಂದು ಇಲ್ಲಿ ಕೇಳುತ್ತಿದ್ದೇನೆ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕು?

ಉತ್ತರ: ತಿಪಟೂರು

ಮಾನ್ಯರೇ, ಕಾರ್ಡ್ ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಕೊಟ್ಟಿರುವ ವಿವರಗಳಲ್ಲಿಯೇ ಮುಖ್ಯ ಕಾರಣದ ಸುಳಿವು ಇದೆ.

ಧ್ವನಿ ಕಡಿಯುತ್ತಿಲ್ಲ ಎಂಬುದು ಮೊದಲ ಸುಳಿವು. ಚಿತ್ರದೊಂದಿಗೆ ಧ್ವನಿಯೂ ಚಟಪಟ ಎನ್ನುತ್ತಿದ್ದರೆ ವೈಫೈಯದೋ ಧ್ವನಿಯದೋ ಡ್ರೈವರ್ (ಆ ಭಾಗವನ್ನು ನಡೆಸುವ ತಂತ್ರಾಂಶ) ಇಡೀ ಯಂತ್ರವನ್ನು ತಡೆಹಿಡಿಯುತ್ತಿದೆಯೇ ಎಂದು ನೋಡಬೇಕಾಗುತ್ತಿತ್ತು. ನಿಮ್ಮಲ್ಲಿ ತೊಂದರೆ ಇರುವುದು ಚಿತ್ರ ತಯಾರಾಗಿ ಪರದೆ ತಲುಪುವ ದಾರಿಯಲ್ಲಿ ಮಾತ್ರ.

ಎಫ್5 ತೋರಿಸುವ 45 ಎಂಬುದು ಒಂದು ಸೆಕೆಂಡಿನ ಲೆಕ್ಕ. ಆ ಫ್ರೇಮ್‌ಗಳು ಸಮಾನ ಅಂತರದಲ್ಲಿ ಪರದೆಗೆ ಬಂದವೇ ಎಂಬುದನ್ನು ಅದು ಹೇಳುವುದಿಲ್ಲ. ತಂದೆಯವರಿಗೆ ಇದನ್ನು ವಿವರಿಸುವುದು ಸುಲಭ: ಆವರ್ತನದಲ್ಲಿ (ತಾಳದ ಒಂದು ಸುತ್ತಿನಲ್ಲಿ) ಎಂಟು ಅಕ್ಷರಗಳು (ಎಣಿಕೆಗಳು) ಲೆಕ್ಕಕ್ಕೆ ಸರಿಯಾಗಿ ಬಂದರೂ ಒಂದು ಬೇಗ, ಮತ್ತೊಂದು ತಡವಾಗಿ ಬಿದ್ದರೆ ಅದನ್ನು ಲಯ ಎನ್ನಲಾಗುವುದಿಲ್ಲ.

ಈಗ ಟಿವಿಯ ವಿಷಯ. ಅಷ್ಟು ಹಳೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಡಿಎಂಐ 1.4. ಅದರ ಮೂಲಕ 3840×2160 ಅಳತೆಯ, ಎಂದರೆ 4ಕೆ, ಚಿತ್ರ ಸೆಕೆಂಡಿಗೆ 30 ಬಾರಿಗಿಂತ ಹೆಚ್ಚು ಹೋಗುವುದಿಲ್ಲ. ಎಂದರೆ ನಿಮ್ಮ ತಂತ್ರಾಂಶ 45 ಫ್ರೇಮ್ ಬರೆಯುತ್ತಿದೆ, ಟಿವಿಗೆ ಹೋಗುತ್ತಿರುವುದು 30 ಮಾತ್ರ. ಬರೆದ ಪ್ರತಿ ಮೂರರಲ್ಲಿ ಒಂದು ಬಿದ್ದುಹೋಗುತ್ತದೆ. ಚಲನೆ ಒಮ್ಮೆ ಒಂದು ಹೆಜ್ಜೆ, ಮರುಬಾರಿ ಎರಡು ಹೆಜ್ಜೆ ಎಂಬಂತೆ ಮುಂದುವರಿಯುತ್ತದೆ. ನೀವು ಕಾಣುತ್ತಿರುವ ತಡೆತ ಇದೇ ಇರಬೇಕು. ಹಳೆಯ ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಅಲ್ಲಿಯೂ 45 ಪೂರ್ತಿ ಹೊಂದುತ್ತಿರಲಿಲ್ಲ, ಮೂರು ಫ್ರೇಮ್‌ಗಳಲ್ಲಿ ಒಂದು ಎರಡು ಬಾರಿ ನಿಲ್ಲುತ್ತಿತ್ತು. ಆದರೆ ಆ ವ್ಯತ್ಯಾಸ ಸುಮಾರು 17 ಮಿಲಿಸೆಕೆಂಡಿನಷ್ಟು ಚಿಕ್ಕದಾದ್ದರಿಂದ ಕಣ್ಣಿಗೆ ಅಷ್ಟಾಗಿ ತಾಗಿರಲಾರದು.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ ಟಿವಿಯ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ ಎಂಬ ಸಂಖ್ಯೆ) ನೋಡಿ. 30 ಎಂದಿದ್ದರೆ ರೆಸಲ್ಯೂಶನ್ ಅನ್ನು 1920×1080ಕ್ಕೆ ಇಳಿಸಿ, ರಿಫ್ರೆಶ್ ರೇಟ್ ಅನ್ನು 60ಕ್ಕೆ ಏರಿಸಿ, ಮಿಲ್ಕ್‌ಡ್ರಾಪ್‌ನ ಮಿತಿಯನ್ನೂ 60 ಮಾಡಿ. ಇದರಿಂದ ಇನ್ನೊಂದು ಲಾಭವಿದೆ: 4ಕೆಯಲ್ಲಿ ಪ್ರತಿ ಫ್ರೇಮ್‌ಗೆ ಸುಮಾರು 83 ಲಕ್ಷ ಚುಕ್ಕಿಗಳನ್ನು ತುಂಬಬೇಕು, 1080ರಲ್ಲಿ ಸುಮಾರು 21 ಲಕ್ಷ ಸಾಕು. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಕ್ಕೆ ಕೆಲಸ ಕಾಲುಭಾಗಕ್ಕೆ ಇಳಿಯುವುದು ಸಣ್ಣ ವಿಷಯವಲ್ಲ.

ಮಾನಿಟರನ್ನೂ ಟಿವಿಯನ್ನೂ ಒಟ್ಟಿಗೆ ಡೂಪ್ಲಿಕೇಟ್ ಮಾಡಿ ಬಳಸುತ್ತಿದ್ದರೆ ಅದನ್ನು ಬಿಡಿ. ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿಕೊಳ್ಳಿ.

ಉತ್ತರ: ಶಿರಾ

ತಿಪಟೂರಿನವರು ಹೇಳಿರುವುದನ್ನು ಒಪ್ಪುತ್ತೇನೆ. ಆದರೆ ಪ್ರಿಸೆಟ್ ಬದಲಾಗುವಾಗ ಚಿತ್ರ ನಿಲ್ಲುವುದು ಬೇರೆಯೇ ಸಮಸ್ಯೆ. ರಿಫ್ರೆಶ್ ರೇಟ್ ಸರಿಪಡಿಸಿದರೂ ಅದು ಉಳಿದುಕೊಳ್ಳಬಹುದು.

ರಯಾನ್ ಗೈಸ್ ಅವರು 2001ರಲ್ಲಿ ಮಿಲ್ಕ್‌ಡ್ರಾಪ್ ತಂದಾಗ ಪ್ರಿಸೆಟ್ ಎಂದರೆ ಮುಖ್ಯವಾಗಿ ಕೆಲವು ಸಮೀಕರಣಗಳ ಕಡತ. 2007ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಪಿಕ್ಸೆಲ್ ಶೇಡರ್‌ಗಳು (ಪ್ರತಿ ಚುಕ್ಕಿಯ ಬಣ್ಣ ನಿರ್ಧರಿಸುವ ಪುಟ್ಟ ಪ್ರೋಗ್ರಾಂಗಳು) ಸೇರಿದವು. ಹೊಸ ಪ್ರಿಸೆಟ್ ತೆರೆಯುವಾಗ ಅದರ ಶೇಡರ್ ಅನ್ನು ಆ ಕ್ಷಣದಲ್ಲಿಯೇ ಕಂಪೈಲ್ ಮಾಡಬೇಕಾಗುತ್ತದೆ (ಯಂತ್ರದ ಭಾಷೆಗೆ ತರಬೇಕಾಗುತ್ತದೆ), ಹಳೆಯ ಯಂತ್ರದಲ್ಲಿ ಆ ಹೊತ್ತು ಚಿತ್ರ ನಿಲ್ಲುತ್ತದೆ. ಅದಾದ ಮೇಲೆ ಒಂದು ಇನ್ನೊಂದರೊಳಗೆ ಕರಗುವಷ್ಟು ಕಾಲ ಎರಡೂ ಪ್ರಿಸೆಟ್‌ಗಳ ಲೆಕ್ಕ ಒಟ್ಟಿಗೆ ನಡೆಯುವುದರಿಂದ ಹೊರೆ ಮತ್ತೂ ಏರುತ್ತದೆ.

ನಿಮ್ಮ ಉದ್ದೇಶಕ್ಕೆ ಪ್ರಿಸೆಟ್ ಬದಲಾಗುವ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ತಾಳ ಹಿಡಿಯುತ್ತಿರುವವರ ಎದುರು ಬಣ್ಣ, ಆಕಾರ ಪದೇಪದೇ ಬದಲಾದರೆ ಅವರ ಗಮನ ಚದುರುತ್ತದೆ. ಸರಳವಾದ ಒಂದು ಪ್ರಿಸೆಟ್ ಆರಿಸಿ ಸ್ಕ್ರೋಲ್ ಲಾಕ್ ಕೀಲಿ ಒತ್ತಿದರೆ ಅದೇ ನಿಲ್ಲುತ್ತದೆ. ಜೊತೆಗೆ ಮೆಶ್ (ಚಿತ್ರವನ್ನು ಚಲಿಸಲು ಬಳಸುವ ಚೌಕಗಳ ಜಾಲ) ಅಳತೆಯನ್ನೂ ನೋಡಿ. ಮೆಶ್‌ನ ಪ್ರತಿಯೊಂದು ಗಂಟಿನಲ್ಲಿಯೂ ಸಮೀಕರಣಗಳನ್ನು ಬಿಡಿಸುವುದು ಪ್ರೊಸೆಸರ್. 96×72 ಇದ್ದದ್ದನ್ನು 48×36 ಮಾಡಿದರೆ ಆ ಲೆಕ್ಕ ಹೆಚ್ಚುಕಡಿಮೆ ಕಾಲುಭಾಗವಾಗುತ್ತದೆ. ಅಂಚುಗಳು ತುಸು ಒರಟಾಗಬಹುದು, ಆದರೆ ಘಾತದ ಸಮಯ ಕೆಡುವುದಿಲ್ಲ.

ಉತ್ತರ: ಚಿಕ್ಕಬಳ್ಳಾಪುರ

ಮಧ್ಯಾಹ್ನ ಹೆಚ್ಚಾಗುತ್ತದೆ ಎಂಬ ಮಾತನ್ನು ಯಾರೂ ಗಮನಿಸಿದಂತಿಲ್ಲ. ರೆಸಲ್ಯೂಶನ್ ಆಗಲಿ ಪ್ರಿಸೆಟ್ ಆಗಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗುವುದಿಲ್ಲ. ಬದಲಾಗುವುದು ಕೋಣೆಯ ಬಿಸಿ. ಪ್ರೊಸೆಸರ್ ಮಿತಿಮೀರಿ ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, ತಣಿದ ಮೇಲೆ ಏರಿಸುತ್ತದೆ, ಮತ್ತೆ ಇಳಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಗಿಗಾಹರ್ಟ್ಸ್ ಸಂಖ್ಯೆಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಅದೇ ಹಾಡು ಓಡುತ್ತಿರುವಾಗ ಗಮನಿಸಿ. ಮಧ್ಯಾಹ್ನ ಅದು ಪದೇಪದೇ ಕುಸಿಯುತ್ತಿದ್ದರೆ ಡಬ್ಬ ಬಿಚ್ಚುವುದೇ ಒಳ್ಳೆಯದು.

ಕ್ಯಾತ್ಸಂದ್ರ ಹೆದ್ದಾರಿಯ ಪಕ್ಕದ ಊರು, ಧೂಳು ಬರದೆ ಇರುವುದಿಲ್ಲ. ವಿದ್ಯುತ್ ತಂತಿ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಹೀಟ್‌ಸಿಂಕ್‌ನ (ಪ್ರೊಸೆಸರ್‌ನ ಬಿಸಿ ಹೊರಹಾಕುವ ಲೋಹದ ಭಾಗದ) ಸಂದುಗಳಲ್ಲಿರುವ ಧೂಳನ್ನು ಬ್ರಷ್ ಹಾಗೂ ಬ್ಲೋವರ್‌ನಿಂದ ತೆಗೆಯಿರಿ. ಹತ್ತು ವರ್ಷದಲ್ಲಿ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು, ಅದನ್ನೂ ಹೊಸದಾಗಿ ಹಚ್ಚಿಸಿ.

ಹಣ ಹಾಕುವುದೇ ಆದರೆ ಕಾರ್ಡ್‌ಗಿಂತ ಮೊದಲು ಈಗಿರುವಂಥದೇ ಇನ್ನೊಂದು ರ್‍ಯಾಮ್ ಹಾಕಿ. ಪ್ರತ್ಯೇಕ ಕಾರ್ಡ್ ಇಲ್ಲದಾಗ ಚಿತ್ರದ ಕೆಲಸವೂ ಇದೇ ರ್‍ಯಾಮ್‌ನಲ್ಲಿ ನಡೆಯುತ್ತದೆ. ಎರಡು ಇದ್ದು ಮದರ್‌ಬೋರ್ಡ್ ಡ್ಯುಯಲ್ ಚಾನೆಲ್‌ನಲ್ಲಿ ಓಡಿದರೆ ಮಾಹಿತಿ ಸಾಗುವ ದಾರಿ ಇಮ್ಮಡಿಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಟಿವಿ 30 ಹರ್ಟ್ಸ್ ಎಂದೇ ತೋರಿಸುತ್ತಿತ್ತು. 1920×1080ಕ್ಕೆ ಇಳಿಸಿ, ಎರಡೂ ಕಡೆ 60 ಮಾಡಿದ ಕೂಡಲೇ ಚಲನೆ ನಯವಾಯಿತು. ಪ್ರಿಸೆಟ್ ಅನ್ನೂ ಸ್ಕ್ರೋಲ್ ಲಾಕ್‌ನಿಂದ ನಿಲ್ಲಿಸಿದ್ದೇನೆ. ಧೂಳು ತೆಗೆಸಿದ ಮೇಲೆ ಮಧ್ಯಾಹ್ನದ ಕುಸಿತವೂ ಬಹುಮಟ್ಟಿಗೆ ನಿಂತಿದೆ. ಕಾರ್ಡ್ ಕೊಳ್ಳುವುದಿಲ್ಲ.

ಒಂದು ವಿಷಯ ಉಳಿದಿದೆ. ಧ್ವನಿಯನ್ನು ಕಂಪ್ಯೂಟರಿನಿಂದ ನೇರವಾಗಿ ತಂತಿಯ ಸ್ಪೀಕರ್‌ಗೆ ಕೊಟ್ಟಿದ್ದೇನೆ. ದೃಶ್ಯ ಈಗ ಸಮವಾಗಿಯೇ ಸಾಗುತ್ತಿದೆ, ಆದರೆ ಘಾತ ಕೇಳಿದ ತುಸು ಹೊತ್ತಿನ ಮೇಲೆ ಗೆರೆ ಏಳುತ್ತದೆ ಎನ್ನಿಸುತ್ತಿದೆ. ದ್ರುತಕಾಲದ ತನಿ ಆವರ್ತನದಲ್ಲಿ (ತಾಳವಾದ್ಯ ಮಾತ್ರ ನುಡಿಯುವ ಭಾಗದಲ್ಲಿ) ತಂದೆಯವರು ಇದನ್ನು ತಾವಾಗಿಯೇ ಗುರುತಿಸಿದರು. ಇದಕ್ಕೆ ಮಿಲ್ಕ್‌ಡ್ರಾಪ್ ಕಾರಣವೇ?

ಉತ್ತರ: ತಿಪಟೂರು

ಕಾರಣ ಟಿವಿಯೇ ಇರಬೇಕು. ವಿನಾಂಪ್ ದೃಶ್ಯಕ್ಕಾಗಿ ಒಮ್ಮೆಗೆ ಕೊಡುವುದು ಧ್ವನಿಯ 576 ಮಾದರಿಗಳನ್ನು. ಸೆಕೆಂಡಿಗೆ 44,100 ಮಾದರಿಗಳಿರುವ ಮುದ್ರಣದಲ್ಲಿ ಅದು ಸುಮಾರು 13 ಮಿಲಿಸೆಕೆಂಡ್ ಮಾತ್ರ. ಟಿವಿಯಾದರೋ ಬಂದ ಚಿತ್ರವನ್ನು ತಿದ್ದಿ, ಬಣ್ಣ ಏರಿಸಿ, ಚಲನೆಯನ್ನು ನಯಗೊಳಿಸಿ ತೋರಿಸುವಷ್ಟರಲ್ಲಿ ನೂರು ಮಿಲಿಸೆಕೆಂಡಿನ ಆಸುಪಾಸಿನವರೆಗೂ ತಡಮಾಡಬಹುದು. ನಿಮಿಷಕ್ಕೆ 80 ಅಕ್ಷರಗಳ ನಡೆಯಲ್ಲಿ ಅಕ್ಷರಕ್ಕೆ ಎಂಟರಂತೆ ನುಡಿಸಿದರೆ ಎರಡು ಘಾತಗಳ ನಡುವಿನ ಅಂತರ ಸುಮಾರು 94 ಮಿಲಿಸೆಕೆಂಡ್. ಒಂದು ಘಾತ ಕಾಣುವಾಗ ಮುಂದಿನದು ಆಗಲೇ ಕೇಳಿರುತ್ತದೆ. ತಂದೆಯವರು ಗುರುತಿಸಿದ್ದು ಸರಿಯಾಗಿಯೇ ಇದೆ.

ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಚಲನೆ ನಯಗೊಳಿಸುವ ಸೌಲಭ್ಯವನ್ನು ಪೂರ್ತಿ ಆರಿಸಿ. ಸಾಲದಿದ್ದರೆ ಧ್ವನಿಯನ್ನೂ ಎಚ್‌ಡಿಎಂಐ ಮೂಲಕವೇ ಟಿವಿಗೆ ಕಳುಹಿಸಿ, ಸ್ಪೀಕರ್ ತಂತಿಯನ್ನು ಟಿವಿಯಿಂದ ತೆಗೆದುಕೊಳ್ಳಿ. ಸಾಮಾನ್ಯವಾಗಿ ಟಿವಿ ಚಿತ್ರವನ್ನು ತಡಮಾಡಿದಷ್ಟೇ ಧ್ವನಿಯನ್ನೂ ತಡಮಾಡುತ್ತದೆ. ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡ, ಅದರಲ್ಲಿ ಧ್ವನಿಯೇ ಹಿಂದೆ ಬೀಳುತ್ತದೆ.

ಪ್ರಿಸೆಟ್ ಬಗ್ಗೆ ಒಂದು ಮಾತು. ಕೆಲವು ಪ್ರಿಸೆಟ್‌ಗಳು ಧ್ವನಿಯ ಏರಿಳಿತವನ್ನು ಹಾಗೆಯೇ ತೆಗೆದುಕೊಳ್ಳುತ್ತವೆ, ಕೆಲವು ಅದನ್ನು ಮೃದುಗೊಳಿಸಿ ಬಳಸುತ್ತವೆ. ಎರಡನೆಯ ಬಗೆಯಲ್ಲಿ ಹತ್ತಿರದ ಘಾತಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಪ್ರಿಸೆಟ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಬಾಸ್_ಎಟಿಟಿ (bass_att) ಎಂಬ ಮೃದುಗೊಳಿಸಿದ ಮೌಲ್ಯಕ್ಕೆ ಬದಲಾಗಿ ಬರಿಯ ಬಾಸ್ (bass) ಬಳಸಿರುವುದನ್ನು ಆರಿಸಿಕೊಂಡರೆ ಮೃದಂಗದ ಎಡಮುಖದ ಗುಂಕಾರ ಹೆಚ್ಚು ಬಿಡಿಯಾಗಿ ಕಾಣುತ್ತದೆ. ಗೇಮ್ ಮೋಡ್ ಹಾಕಿದ ಮೇಲೂ ಅಂತರ ಉಳಿದರೆ ಟಿವಿಯ ಮಾದರಿ ಸಂಖ್ಯೆಯನ್ನು ಇಲ್ಲಿ ತಿಳಿಸಿರಿ, ಅದರ ಕೈಪಿಡಿಯನ್ನು ನೋಡಿ ಹೇಳುತ್ತೇನೆ.