ಹಾಡಲೂ ಬಾರದು, ಬೋಧಿಸಲೂ ಬಾರದು: ನನ್ನಂಥವರ ಸೇವೆ ಯಾವುದು?

ಪ್ರಶ್ನೆ: ಚಿಂಚವಡದಿಂದ
ಹುಬ್ಬಳ್ಳಿಯಿಂದ ಪುಣೆಗೆ ಬಂದು ಹನ್ನೊಂದು ವರ್ಷಗಳಾದವು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಭಾನುವಾರ ಕನ್ನಡ ಆರಾಧನೆಯನ್ನು ತಪ್ಪಿಸುವುದಿಲ್ಲ. ಆದರೆ ಗಾನವೃಂದದಲ್ಲಿ ಹಾಡುವ ಕಂಠವಾಗಲಿ, ನಾಲ್ಕು ಜನರ ಮುಂದೆ ನಿಂತು ವಾಕ್ಯ ವಿವರಿಸುವ ಧೈರ್ಯವಾಗಲಿ ನನಗಿಲ್ಲ. ಕಳೆದ ವಾರ ಬೈಬಲಿನ ಮತ್ತಾಯ 25ನೆಯ ಅಧ್ಯಾಯದಲ್ಲಿ, ಯಜಮಾನನೊಬ್ಬ ತನ್ನ ಆಳುಗಳಿಗೆ ಹಣ ಒಪ್ಪಿಸಿ ಹೋಗುವ ತಲಾಂತುಗಳ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಓದಿದಾಗ, ಒಂದೇ ತಲಾಂತನ್ನು ಪಡೆದು ಅದನ್ನು ನೆಲದಲ್ಲಿ ಹೂತಿಟ್ಟ ಆಳು ನಾನೇ ಎನಿಸಿ ಮನಸ್ಸು ಕಲಕಿತು. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಠಾಣೆಯಿಂದ
ತಮ್ಮಾ, ತಲಾಂತು ಎಂಬುದು ಮೊದಲು ಹಣದ ತೂಕ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ ಎಂಬ ಬೆಳ್ಳಿ ನಾಣ್ಯಗಳು, ದಿನಗೂಲಿಯವನೊಬ್ಬನ ಇಪ್ಪತ್ತು ವರ್ಷಗಳ ದುಡಿಮೆಯಷ್ಟು. ಆ ಆಳಿಗೆ ಸಿಕ್ಕಿದ್ದು ಅಲ್ಪವಾಗಿರಲಿಲ್ಲ. ಯಜಮಾನನನ್ನು ಕಠಿಣನೆಂದು ಭಾವಿಸಿ ಹೆದರಿ ಕೈಕಟ್ಟಿ ಕುಳಿತದ್ದೇ ಅವನ ತಪ್ಪು. ಸೇವೆಯೆಂದರೆ ವೇದಿಕೆಯ ಕೆಲಸವೆಂದು ನಾವೇ ಸಭೆಗಳಲ್ಲಿ ಕಲಿಸಿಬಿಟ್ಟಿದ್ದೇವೆ, ಇದು ನನಗೆ ನೋವಿನ ಸಂಗತಿ. ಬೈಬಲಿನಲ್ಲಿ ಬರುವ ಯೊಪ್ಪ ಊರಿನ ಶಿಷ್ಯೆ ದೊರ್ಕಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಅಪೊಸ್ತಲ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನು. ಆಕೆ ಆಡಿದ ಒಂದು ಮಾತೂ ಈ ಕಥೆ ಬರುವ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ದಾಖಲಾಗಿಲ್ಲ.

ಉತ್ತರ: ಯೆರವಡಾದಿಂದ
ಅಣ್ಣಾವರೇ, ನಿಮ್ಮ ವಿದ್ಯೆಯೇ ಇಲ್ಲಿ ಬೇಕಾಗಿದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಎಷ್ಟೋ ಕುಟುಂಬಗಳು ನಮ್ಮ ಸುತ್ತ ತಗಡಿನ ಬಿಡಾರಗಳಲ್ಲಿವೆ. ನಾನು ಭಾನುವಾರ ಆರಾಧನೆ ಮುಗಿಸಿ ಅಲ್ಲಿಗೆ ಹೋಗಿ ಅರ್ಜಿ ತುಂಬಿಕೊಡುತ್ತೇನೆ, ಪಾಸ್‌ಬುಕ್ ಓದಿ ಹೇಳುತ್ತೇನೆ. ಒಮ್ಮೆ ಒಬ್ಬ ತಾಯಿ ಬಿಡಾರದ ಒಳಗೋಡೆಯನ್ನು ತೋರಿಸಿದರು. ದುಡಿದ ದಿನಕ್ಕೊಂದರಂತೆ ಇದ್ದಲಿನಲ್ಲಿ ಎಳೆದ ಗೀಟುಗಳು, ಒಟ್ಟು 41. ಕೂಲಿಯಾಳುಗಳ ಮೇಸ್ತ್ರಿಯಾದ ಮುಕಾದಮನ ಪುಸ್ತಕದಲ್ಲಿ ಇದ್ದದ್ದು 34. ಇಬ್ಬರನ್ನೂ ಕೂರಿಸಿ ತಾರೀಖಿಗೆ ತಾರೀಖು ಹೊಂದಿಸಿ ನೋಡಿದೆ, ಏಳು ದಿನಗಳ ಕೂಲಿ ಆಕೆಯ ಕೈಸೇರಿತು. ಲೆಕ್ಕದಲ್ಲಿ ನಾನು ನಿಧಾನ, ನೀವಾಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಒಂದು ಮಾತು: ಅವರನ್ನು ಸಭೆಗೆ ಕರೆತರುವ ಲೆಕ್ಕಾಚಾರ ಇದರಲ್ಲಿ ಬೆರೆಯಬಾರದು. ಕೂಲಿ ಅವರ ಹಕ್ಕು.

ಉತ್ತರ: ಕ್ಯಾಂಪ್‌ನಿಂದ
ಪುಣೆಯಲ್ಲಿರುವ ನಾವು ಪಂಡಿತಾ ರಮಾಬಾಯಿಯವರನ್ನು ಮರೆಯಬಾರದು. ನಮ್ಮ ಕಾರ್ಕಳ ಸೀಮೆಯ ಮಾಳದ ಮನೆತನದಲ್ಲಿ 1858ರಲ್ಲಿ ಹುಟ್ಟಿ, ತಂದೆತಾಯಿಯಿಂದ ಸಂಸ್ಕೃತ ಕಲಿತ ಅವರು 1883ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮೇಲೂ ಆ ಪಾಂಡಿತ್ಯವನ್ನು ಬದಿಗಿಡಲಿಲ್ಲ. ಹೀಬ್ರೂ, ಗ್ರೀಕ್ ಭಾಷೆಗಳನ್ನೂ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಅವರು ಪುಣೆಯ ಹತ್ತಿರದ ಕೆಡಗಾಂವ್‌ನಲ್ಲಿ ಕಟ್ಟಿದ ಮುಕ್ತಿ ಎಂಬ ಆಶ್ರಮದಲ್ಲಿ ಬರಗಾಲದಿಂದ ಪಾರಾಗಿ ಬಂದ ಹೆಣ್ಣುಮಕ್ಕಳು ಅಚ್ಚುಕೆಲಸವನ್ನು, ನೇಯ್ಗೆಯನ್ನು ಕಲಿತರು, ಕುರುಡು ಹುಡುಗಿಯರು ಬ್ರೈಲ್ ಕಲಿತರು. ಆಶ್ರಯ ಪಡೆದವರ ಕೈಗೂ ಕಸುಬು ಬರಲೆಂಬ ಆ ಹಟವನ್ನು ನಾನು ತುಂಬಾ ಗೌರವಿಸುತ್ತೇನೆ. ನೀವೂ ಬಿಡಾರದ ಒಂದಿಬ್ಬರು ಹುಡುಗರಿಗೆ ಹಾಜರಿ ಪುಸ್ತಕ ಬರೆಯಲು ಕಲಿಸಿರಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಯೆರವಡಾದ ಅಕ್ಕಾವರೇ, ಬರುವ ಭಾನುವಾರ ಎಷ್ಟು ಗಂಟೆಗೆ ಬರಲಿ? ಗೀಟು ಹಾಕಿದ ಎರಡು ವಹಿಗಳನ್ನು ತರುತ್ತೇನೆ.