ಫೋಟೋ ನಿಜಕ್ಕೂ ಶಾರ್ಪ್ ಇದೆಯಾ? ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಪ್ರಶ್ನೆ

ನಮ್ಮದು ಇಳಕಲ್ ಸೀರೆ ವ್ಯಾಪಾರ. ಮನೆಯಿಂದಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಮಾರುತ್ತೇನೆ. ಈಗಿನ ಫೋನಿನಲ್ಲಿ ನೇಯ್ಗೆ ಕಾಣುವುದೇ ಇಲ್ಲ. ಕೆಂಪು ಸೆರಗು ಬರೀ ಬಣ್ಣ ಬಳಿದ ಹಾಗೆ ಬರುತ್ತದೆ. "ಅಕ್ಕಾ, ಕ್ಲಿಯರ್ ಫೋಟೋ ಹಾಕಿ" ಅಂತ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. 25 ಸಾವಿರದೊಳಗೆ ಹೊಸ ಫೋನ್ ನೋಡುತ್ತಿದ್ದೇನೆ. ಒಂದು ಅಂಗಡಿಯವರು 50 ಮೆಗಾಪಿಕ್ಸೆಲ್ ಸಾಕು ಅನ್ನುತ್ತಾರೆ, ಇನ್ನೊಬ್ಬರು 108, ಮತ್ತೊಬ್ಬರು 200. ಅಲ್ಲೇ ನಿಂತು ಫೋಟೋ ತೆಗೆದು, ಇದು ನಿಜಕ್ಕೂ ಶಾರ್ಪ್ ಅಂತ ತಿಳಿಯುವುದು ಹೇಗೆ? ಅನುಭವ ಇರುವವರು ಹೇಳಿ.

ದಾವಣಗೆರೆ, ಮದುವೆ ಫೋಟೋಗ್ರಾಫರ್

ಮೇಡಂ, ಮೊದಲು ಆ ನಂಬರ್ ಪಕ್ಕಕ್ಕಿಡಿ. 50 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮ್ನೆ ಬಟನ್ ಒತ್ತಿದರೆ ಸಾಮಾನ್ಯವಾಗಿ ಬರುವುದು 12 ಮೆಗಾಪಿಕ್ಸೆಲ್ ಫೋಟೋ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿಕೊಳ್ಳುತ್ತದೆ. 108ರಲ್ಲಿ ಹೆಚ್ಚಾಗಿ ಒಂಬತ್ತು ಸೇರಿ ಒಂದು, 200ರಲ್ಲಿ ಹದಿನಾರು ಸೇರಿ ಒಂದು. ಕೊನೆಗೆ ಮೂರೂ ಹೆಚ್ಚುಕಮ್ಮಿ 12ಕ್ಕೇ ಬಂದು ನಿಲ್ಲುತ್ತವೆ. ಎ4 ಅಳತೆಗೆ ಒಳ್ಳೆ ಪ್ರಿಂಟ್ ಹಾಕಿಸಲು 9 ಮೆಗಾಪಿಕ್ಸೆಲ್ ಇದ್ದರೆ ಸಾಕು.

ಹಾಗಾದರೆ ಪೂರ್ತಿ 200ರಲ್ಲೇ ತೆಗೆಯೋಣ ಅನ್ನಿಸಬಹುದು. ಆ ಸೆನ್ಸರ್‌ಗಳಲ್ಲಿ, ಅಂದರೆ ಬೆಳಕು ಹಿಡಿಯುವ ಚಿಪ್‌ಗಳಲ್ಲಿ, ಒಂದೊಂದು ಪಿಕ್ಸೆಲ್ ಸುಮಾರು 0.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಆದರೆ ಎಫ್ 1.8 (ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನುವ ಅಳತೆ) ಲೆನ್ಸ್ ಎಷ್ಟೇ ಚೆನ್ನಾಗಿರಲಿ, ಬೆಳಕಿನ ಒಂದು ಚುಕ್ಕೆ ಸೆನ್ಸರ್ ಮೇಲೆ ಬೀಳುವಾಗ ಸುಮಾರು 2.4 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಬೆಳಕಿನ ಗುಣವೇ ಅದು, ಯಾವ ಕಂಪನಿಯೂ ತಪ್ಪಿಸಲು ಆಗುವುದಿಲ್ಲ. ನಾಲ್ಕು ಪಿಕ್ಸೆಲ್ ಸಾಲಾಗಿ ನಿಂತು ಒಂದೇ ಚುಕ್ಕೆಯನ್ನು ನೋಡುತ್ತಿರುತ್ತವೆ. ಫೈಲ್ ದೊಡ್ಡದಾಗುತ್ತದೆ, ವಿವರ ಅಷ್ಟೇನೂ ಏರುವುದಿಲ್ಲ. ಒಳ್ಳೆ ಬಿಸಿಲಿನಲ್ಲಿ ಸ್ವಲ್ಪ ಲಾಭ ಇದೆ, ಇಲ್ಲ ಅನ್ನಲ್ಲ.

2022ರಲ್ಲಿ ಯೂಟ್ಯೂಬರ್ ಮಾರ್ಕೆಸ್ ಬ್ರೌನ್‌ಲೀ ಫೋನ್‌ಗಳ ಹೆಸರು ಮುಚ್ಚಿಟ್ಟು, ಬರೀ ಫೋಟೋ ತೋರಿಸಿ ಜನರಿಂದ ವೋಟ್ ಹಾಕಿಸಿದ್ದರು. ಗೆದ್ದದ್ದು ಗೂಗಲ್ ಪಿಕ್ಸೆಲ್ 6ಎ. ಅದರದ್ದು 12 ಮೆಗಾಪಿಕ್ಸೆಲ್, ಅದೂ 2018ರ ಪಿಕ್ಸೆಲ್ 3ರಲ್ಲಿದ್ದ ಸೆನ್ಸರ್! ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸುವ ಸಾಫ್ಟ್‌ವೇರ್ ಅದರ ಶಕ್ತಿ.

ಬೆಂಗಳೂರು, ಕ್ಯಾಮೆರಾ ಟೆಸ್ಟಿಂಗ್ ಕೆಲಸ

ಮೇಲೆ ಬರೆದ ಸರ್ ಹೇಳಿದ್ದು ಸರಿ, ಆದರೆ ಆ ವೋಟನ್ನು ಶಾರ್ಪ್‌ನೆಸ್‌ಗೆ ಸಾಕ್ಷಿ ಮಾಡಬೇಡಿ. ಜನ ವೋಟ್ ಹಾಕುವುದು ಕಣ್ಣಿಗೆ ಚೆಂದ ಕಂಡದ್ದಕ್ಕೆ. ಬೆಳಕು ಸ್ವಲ್ಪ ಜಾಸ್ತಿ ಇದ್ದರೆ ಸಾಕು, ಮನಸ್ಸು ಅತ್ತ ವಾಲುತ್ತದೆ.

ನಾವು ಎರಡು ವಿಷಯ ಬೇರೆ ಬೇರೆ ನೋಡುತ್ತೇವೆ: ಅಂಚು ಮತ್ತು ಟೆಕ್ಸ್‌ಚರ್ (ನೇಯ್ಗೆಯಂಥ ನವಿರು ವಿವರ). ಅಂಚು ಅಂದರೆ ಕಪ್ಪು ಬಿಳುಪು ಸೇರುವ ಗೆರೆ. ಅದನ್ನು ಅಳೆಯಲು ಸ್ವಲ್ಪ ಓರೆಯಾಗಿ ಇಟ್ಟ ಗೆರೆಯ ಚಾರ್ಟ್ ಇದೆ, ಐಎಸ್‌ಒ 12233 ಅನ್ನುವ ಮಾನದಂಡದಲ್ಲಿ ಅದೂ ಒಂದು. ತೊಂದರೆ ಏನೆಂದರೆ, ಫೋನ್ ಸಾಫ್ಟ್‌ವೇರ್ ಅಂಚನ್ನು ಕೃತಕವಾಗಿ ತಿದ್ದಿದರೂ ಆ ಟೆಸ್ಟ್‌ನಲ್ಲಿ ಒಳ್ಳೆ ಮಾರ್ಕ್ಸ್ ಬರುತ್ತದೆ. ಅದಕ್ಕೇ ಇನ್ನೊಂದು ಚಾರ್ಟ್ ಬಳಸುತ್ತೇವೆ, ಹೆಸರು ಡೆಡ್ ಲೀವ್ಸ್. ಚಿಕ್ಕವು ದೊಡ್ಡವು ನೂರಾರು ವೃತ್ತಗಳು, ಉದುರಿದ ಎಲೆಗಳ ಹಾಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಅಂಚು ಉಳಿಸಿಕೊಂಡು ನಡುವಿನ ನವಿರು ವಿವರವನ್ನು ಒರೆಸಿ ಹಾಕುವ ಫೋನ್ ಅಲ್ಲಿ ಸಿಕ್ಕಿಬೀಳುತ್ತದೆ.

ನಿಮಗೆ ಚಾರ್ಟ್ ಬೇಡ. ಒಂದು ಸೀರೆ ಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ. ಫೋಟೋ ತೆಗೆದು ಪೂರ್ತಿ ಹಿಗ್ಗಿಸಿ. ಕಸೂತಿ ಗೆರೆಯ ಪಕ್ಕದಲ್ಲಿ ತೆಳ್ಳಗೆ ಬಿಳಿ ಅಂಚು ಕಟ್ಟಿದ ಹಾಗೆ ಇದೆಯಾ? ಅದು ಜಾಸ್ತಿ ಶಾರ್ಪ್ ಮಾಡಿದ ಗುರುತು, ನಿಜವಾದ ವಿವರ ಅಲ್ಲ. ಆಮೇಲೆ ಒಡಲಿನ ಕಡೆ ನೋಡಿ. ಒಂದೇ ಬಣ್ಣದ ಜಾಗದಲ್ಲಿ ಎಳೆ ಕಾಣುತ್ತಿದೆಯಾ, ಮೇಣ ಹಚ್ಚಿದ ಹಾಗೆ ನುಣ್ಣಗಿದೆಯಾ? ನಿಮ್ಮ ವ್ಯಾಪಾರಕ್ಕೆ ಇದೇ ಮುಖ್ಯ ಪರೀಕ್ಷೆ. ನಾಲ್ಕು ಮೂಲೆಗಳನ್ನೂ ನೋಡಿ. ಒಂದೇ ಮೂಲೆ ಮಾತ್ರ ಮಬ್ಬಾಗಿದ್ದರೆ ಆ ಪೀಸ್‌ನಲ್ಲಿ ಲೆನ್ಸ್ ಓರೆಯಾಗಿ ಕೂತಿರಬಹುದು. ಮೂಲೆಗಳು ಒಂದೇ ಅಳತೆಯಲ್ಲಿ ಸ್ವಲ್ಪ ಮೆತ್ತಗಿದ್ದರೆ ಚಿಂತೆ ಬೇಡ.

ಜೂಮ್ ನೋಡಿ ಮರುಳಾಗಬೇಡಿ. ಮಾರ್ಚ್ 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕಂತಲೇ ಮಬ್ಬು ಮಾಡಿ, ಕಂಪ್ಯೂಟರ್ ಪರದೆ ಮೇಲೆ ಹಾಕಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದಿದ್ದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಎಐ ಇದೆ ಅಂತ ಕಂಪನಿಯೂ ವಿವರಿಸಿತು. ದೂರದ ಬಸ್ ಬೋರ್ಡನ್ನು ಅತಿಯಾಗಿ ಜೂಮ್ ಮಾಡಿ ನೋಡಿ, ಕೆಲವು ಫೋನ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಯಾವ ಊರಿನದೂ ಅಲ್ಲದ ಲಿಪಿಯಾಗಿ ಬರುತ್ತವೆ. ಗಿರಾಕಿಗೆ ತೋರಿಸುವ ನೇಯ್ಗೆ ಹಾಗಾಗಬಾರದು, ಅಲ್ವಾ?

ಶಿವಮೊಗ್ಗ, ಮೊಬೈಲ್ ಅಂಗಡಿ

ಅಂಗಡಿಯವನಾಗಿ ಹೇಳುತ್ತೇನೆ. ನಮ್ಮಲ್ಲಿ ಲೈಟ್ ಜೋರಾಗಿರುತ್ತದೆ, ಅಲ್ಲಿ ಎಲ್ಲ ಫೋನೂ ಚೆನ್ನಾಗೇ ತೆಗೆಯುತ್ತದೆ. ಕೌಂಟರ್ ಕೆಳಗೆ, ಮೂಲೆಯಲ್ಲಿ, ಮಂದ ಬೆಳಕಿನಲ್ಲಿ ತೆಗೆದು ನೋಡಿ. ಡೆಮೊ ಫೋನಿನ ಲೆನ್ಸ್ ಮೇಲೆ ಊರಿನವರ ಬೆರಳೆಲ್ಲ ಆಡಿರುತ್ತದೆ, ಮೊದಲು ಒರೆಸಿ. ಬ್ಯೂಟಿ, ಫಿಲ್ಟರ್ ಆಫ್ ಮಾಡಿ. ಆ ಫೋನಿನ ಪರದೆಯಲ್ಲೇ ನೋಡಿ ತೀರ್ಮಾನ ಮಾಡಬೇಡಿ, ಪರದೆ ಚೆನ್ನಾಗಿದ್ದರೆ ಸಾಧಾರಣ ಫೋಟೋನೂ ಮಿಂಚುತ್ತದೆ. ಎರಡು ಮೂರು ಫೋನಿನ ಫೋಟೋಗಳನ್ನು ನಿಮ್ಮ ಫೋನಿಗೇ ತರಿಸಿಕೊಂಡು ಒಂದೇ ಪರದೆಯಲ್ಲಿ ಹೋಲಿಸಿ. ಇನ್ನೊಂದು: ಕ್ಯಾಮೆರಾ ಮೇಲೆ ಅಂಟಿಸುವ ಅಗ್ಗದ ಗಾಜು ಬೇಡ. ನಾವೇ ಮಾರುತ್ತೇವೆ, ಆದರೂ ಬೇಡ.

ಮೊಳಕಾಲ್ಮೂರು, ರೇಷ್ಮೆ ಸೀರೆ

ಅಕ್ಕಾ, ನಿಮ್ಮ ಕೆಂಪು ಸೆರಗಿನ ಕಷ್ಟ ನಮಗೂ ಇದೆ. ಹೊಸ ಫೋನ್ ತಂದರೂ ಅದು ಪೂರ್ತಿ ಹೋಗುವುದಿಲ್ಲ. ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಮಾತ್ರ ಕೆಂಪು ನೋಡುತ್ತದೆ, ಎರಡು ಹಸಿರು, ಒಂದು ನೀಲಿ. ಅಪ್ಪಟ ಕೆಂಪು ಬಟ್ಟೆಯಲ್ಲಿ ವಿವರ ಹಿಡಿಯುವುದು ಹೆಚ್ಚುಕಮ್ಮಿ ಆ ಒಂದೇ. ಅದರ ಮೇಲೆ ಬೆಳಕು ಜಾಸ್ತಿ ಆದರೆ ಆ ಕೆಂಪು ತುಂಬಿ ತುಳುಕಿ, ಎಳೆ ಎಳೆಯ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಸೆರಗಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸೆರಗಿನ ತೋಪ ತೆನಿ ವಿನ್ಯಾಸ ಒಂದೊಂದಾಗಿ ಎದ್ದು ಬರುತ್ತದೆ.

ಬೆಳಕು ಕಿಟಕಿಯಿಂದ ಒಂದು ಪಕ್ಕಕ್ಕೆ ಬೀಳಲಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ನೇಯ್ಗೆಯ ಉಬ್ಬುತಗ್ಗಿನ ನೆರಳು ಮಾಯವಾಗಿ ಬಟ್ಟೆ ಚಪ್ಪಟೆ ಆಗುತ್ತದೆ. ತೀರಾ ಹತ್ತಿರ ಹೋಗಬೇಡಿ, ದೊಡ್ಡ ಸೆನ್ಸರ್ ಇರುವ ಫೋನ್‌ಗಳು ಅಷ್ಟು ಹತ್ತಿರ ಫೋಕಸ್ ಮಾಡುವುದಿಲ್ಲ. ಒಂದು ಹೆಜ್ಜೆ ಹಿಂದೆ ಬಂದು 2ಎಕ್ಸ್ ಇಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಅಂತ ಕೊಡುತ್ತಾರಲ್ಲ, ಅದು ಲೆಕ್ಕಕ್ಕೆ ಮಾತ್ರ. ಸಣ್ಣ ಚೌಕುಳಿ ಸೀರೆಯಲ್ಲಿ ನೀರಿನ ಅಲೆಯ ಹಾಗೆ ಬಣ್ಣದ ಪಟ್ಟೆ ಬಂದರೆ ಹೆದರಬೇಡಿ. ಎಳೆಯ ಸಾಲೂ ಪಿಕ್ಸೆಲ್ ಸಾಲೂ ಒಂದಕ್ಕೊಂದು ಸಿಕ್ಕಿಕೊಂಡಾಗ ಹಾಗಾಗುತ್ತದೆ. ಫೋನ್ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಹೋಗುತ್ತದೆ.

ಮಂಗಳೂರು, ಮಕ್ಕಳ ಫೋಟೋ ತೆಗೆಯುವ ಅಮ್ಮ

ಮಬ್ಬು ಬಂದ ಕೂಡಲೇ ಕ್ಯಾಮೆರಾ ಸರಿಯಿಲ್ಲ ಅನ್ನುವ ಮೊದಲು ಆ ಫೋಟೋದ ವಿವರ ತೆರೆದು ನೋಡಿ, ಶಟರ್ (ಎಷ್ಟು ಹೊತ್ತು ಬೆಳಕು ಹಿಡಿದಿದೆ) ಮತ್ತು ಐಎಸ್‌ಒ (ಬೆಳಕನ್ನು ಎಷ್ಟು ಹೆಚ್ಚಿಸಿಕೊಂಡಿದೆ ಅನ್ನುವ ಸಂಖ್ಯೆ) ಅಲ್ಲೇ ಇರುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲ್ಲಾಡಿದೆ. ಗೋಡೆ ಸ್ಪಷ್ಟ, ಮಗು ಮಾತ್ರ ಮಬ್ಬು ಅಂದರೆ ಮಗು ಓಡಿದೆ, ಶಟರ್ 1/30 ಸೆಕೆಂಡ್ ತರಹ ಇರುತ್ತದೆ. ಓಐಎಸ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದ್ದರೂ ಇದಕ್ಕೆ ಉಪಯೋಗ ಇಲ್ಲ, ಅದು ನಮ್ಮ ಕೈಯನ್ನು ಮಾತ್ರ ಸರಿದೂಗಿಸುತ್ತದೆ. ಹಿಂದಿನ ವಸ್ತು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಯಾವುದೂ ಅಲ್ಲದೆ ಎಲ್ಲ ಕಡೆ ಕಲಸಿದ ಹಾಗಿದ್ದು ಐಎಸ್‌ಒ ಸಾವಿರ ದಾಟಿದ್ದರೆ ಬೆಳಕು ಸಾಲದೆ ಫೋನ್ ವಿವರವನ್ನು ಒರೆಸಿ ಹಾಕಿದೆ. ಸೀರೆ ಓಡುವುದಿಲ್ಲವಲ್ಲ, ನೀವು ಪುಣ್ಯವಂತರು! ಒಂದು ಅಗ್ಗದ ಸ್ಟ್ಯಾಂಡ್ ಮತ್ತು ಮೂರು ಸೆಕೆಂಡ್ ಟೈಮರ್ ಇಟ್ಟರೆ ನಿಮ್ಮ ಅರ್ಧ ಕೆಲಸ ಆಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಳೆ ಫೋನಿನಲ್ಲೇ ಕಿಟಕಿ ಪಕ್ಕ ಇಟ್ಟು, ಬೆಳಕು ಇಳಿಸಿ ತೆಗೆದೆ. ಗ್ಯಾಲರಿಯಲ್ಲಿ ತೆನಿ ಚೆನ್ನಾಗೇ ಕಾಣುತ್ತಿದೆ. ಆದರೆ ತಂಗಿಗೆ ಕಳಿಸಿದರೆ ಅವಳ ಫೋನಿನಲ್ಲಿ ಮತ್ತೆ ಮಬ್ಬು. ಇದ್ಯಾಕೆ?

ಬೆಂಗಳೂರು, ಕ್ಯಾಮೆರಾ ಟೆಸ್ಟಿಂಗ್ ಕೆಲಸ

ಅದು ವಾಟ್ಸಾಪ್ ಮೇಡಂ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಫೋಟೋದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಅಲ್ಲಿಗೆ 2 ಮೆಗಾಪಿಕ್ಸೆಲ್‌ಗಿಂತ ಕಡಿಮೆ. ನೀವು 200ರ ಫೋನ್ ತಂದಿದ್ದರೂ ತಂಗಿಗೆ ಹೋಗುತ್ತಿದ್ದದ್ದು ಅಷ್ಟೇ. 2023ರ ಆಗಸ್ಟ್‌ನಿಂದ ಎಚ್‌ಡಿ ಆಯ್ಕೆ ಬಂದಿದೆ, ಕಳಿಸುವ ಮುಂಚೆ ಅದನ್ನು ಒತ್ತಿ. ಇಡೀ ಸೀರೆಯ ಒಂದು ಫೋಟೋ, ಸೆರಗಿನ ಹತ್ತಿರದ್ದು ಒಂದು ಅಂತ ಬೇರೆ ಬೇರೆ ಕಳಿಸಿ, ಆಗ ಇರುವ ಪಿಕ್ಸೆಲ್ ಎಲ್ಲ ನೇಯ್ಗೆಗೇ ಸಿಗುತ್ತದೆ. ಒಂದಿಷ್ಟೂ ಕಡಿಮೆಯಾಗಬಾರದು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಶಿವಮೊಗ್ಗ, ಮೊಬೈಲ್ ಅಂಗಡಿ

ಡಾಕ್ಯುಮೆಂಟ್ ಕಳಿಸುವ ಮುಂಚೆ ಒಂದು ವಿಷಯ. ಹಾಗೆ ಕಳಿಸಿದರೆ ಫೋಟೋ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಒಳಗೇ ಹೋಗುತ್ತದೆ. ಮನೆಯಿಂದ ವ್ಯಾಪಾರ ಮಾಡುತ್ತೀರಿ, ಗುರುತಿಲ್ಲದವರಿಗೂ ಕಳಿಸುತ್ತೀರಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ, ಆಮೇಲೆ ತೆಗೆದ ಫೋಟೋ ಕಳಿಸಿ.